ಕುರ್ಚಿಗೆ ತೊಡಿಸಿದ ಕರಿ ಕೋಟು

ವಕೀಲರ ಎಡಗಣ್ಣಿನ ರೆಪ್ಪೆ ಸದಾ ಅರ್ಧ ಇಳಿದಿರುತ್ತಿತ್ತು. ಮೊದಲ ಸಲ ನೋಡಿದವರಿಗೆ, ಇವರೇನು ನಮ್ಮ ಕಷ್ಟ ಕೇಳುತ್ತಲೇ ತೂಕಡಿಸುತ್ತಿದ್ದಾರಲ್ಲ ಅನಿಸಬೇಕು. ಆದರೆ ಎದುರಿಗಿದ್ದವರ ಮಾತು ಎಲ್ಲಿಯಾದರೂ ತಡವರಿಸಿತೋ, ಬಲಗೈಯ ತೋರುಬೆರಳಿನಿಂದ ಆ ರೆಪ್ಪೆಯನ್ನು ಮೇಲಕ್ಕೆತ್ತಿ ಹಿಡಿದು ನೆಟ್ಟಗೆ ನೋಡುತ್ತಿದ್ದರು. ಆಮೇಲೆ ಸುಳ್ಳು ಹೇಳುವ ಧೈರ್ಯ ಯಾರಿಗೂ ಬರುತ್ತಿರಲಿಲ್ಲ.

ಅವರ ಆಫೀಸು ಮುಂಬಯಿಯ ಕುರ್ಲಾ ಸ್ಟೇಷನ್ ಪಕ್ಕದ ಬಿಲ್ಡಿಂಗಿನ ಮಾಳಿಗೆಯಲ್ಲಿತ್ತು. ಲೋಕಲ್ ಹೋದಾಗಲೆಲ್ಲ ಕಿಟಕಿಯ ಗಾಜು ಗಡಗಡ ಅನ್ನುತ್ತಿತ್ತು. ಅವರು ಮಾತು ನಿಲ್ಲಿಸಿ, ಗಾಡಿ ದಾಟಿದ ಮೇಲೆ ಬಿಟ್ಟಲ್ಲಿಂದಲೇ ಮುಂದುವರಿಸುತ್ತಿದ್ದರು. ಮೈಸೂರು ಕಡೆಯವರು, ಮನೆ ಸಯನ್ನಿನಲ್ಲಿ. ಅವರ ಬೆಂಚಿನ ಮೇಲೆ ಕೂರುತ್ತಿದ್ದವರು ಎರಡೇ ಬಗೆ: ಕಾರಖಾನೆಯಲ್ಲೋ ರೈಲಿನಡಿಯಲ್ಲೋ ಕೈಕಾಲು ಕಳೆದುಕೊಂಡವರ ಕಡೆಯವರು, ಇಲ್ಲವೇ ಪೊಲೀಸರು ಹಿಡಿದುಕೊಂಡು ಹೋದವರ ಕಡೆಯವರು. ನಾನು ಒಂದೇ ತಿಂಗಳಲ್ಲಿ ಎರಡೂ ಆದೆ.

ನಮ್ಮವರು, ಅಂದರೆ ನನ್ನ ಯಜಮಾನರು, ತಗಡಿನ ಡಬ್ಬ ಮಾಡುವ ಕಾರಖಾನೆಯಲ್ಲಿ ಪ್ರೆಸ್ ಮಿಷನ್ನಿನ ಮುಂದೆ ಕೂರುತ್ತಿದ್ದರು. ಕಾರಖಾನೆ ನಮ್ಮೂರಿನ ಧಣಿಯದು. ಉಡುಪಿ ಕಡೆಯಿಂದ ನಮ್ಮಿಬ್ಬರನ್ನೂ ಮುಂಬಯಿಗೆ ಕರೆತಂದವರು ಅವರು, ಚಾಳಿನಲ್ಲಿ ಖೋಲಿ ಕೊಡಿಸಿದವರೂ ಅವರೇ. ಊರಲ್ಲಿ ನನ್ನ ಅತ್ತೆ ಇದ್ದ ಮನೆಯೂ ಅವರದೇ ಜಾಗದಲ್ಲಿತ್ತು. ಕೈ ಒಳಗೆ ಹೋಗದ ಹಾಗೆ ಮಿಷನ್ನಿಗೆ ಕಬ್ಬಿಣದ ಜಾಲರಿಯೊಂದಿತ್ತು. ಅದಿದ್ದರೆ ಕೆಲಸ ನಿಧಾನ ಎಂದು ದೀಪಾವಳಿಯ ಗಡಿಬಿಡಿಯಲ್ಲಿ ಧಣಿ ಬಿಚ್ಚಿಸಿದರು. ಊಟದ ಡಬ್ಬಿ ಹಿಡಿದು ಬಾಗಿಲಲ್ಲಿ ನಿಂತಿದ್ದ ನಾನು ಅದನ್ನು ಕಿವಿಯಾರೆ ಕೇಳಿದ್ದೆ. ವಾರದೊಳಗೆ ನಮ್ಮವರ ಬಲಗೈಯ ಬೆರಳುಗಳು ಹೋದವು, ಹೆಬ್ಬೆರಳೊಂದು ಉಳಿಯಿತು.

ಜಾಲರಿ ಬಿಚ್ಚಿದ್ದು ಇವನೇ ಎಂದು ಧಣಿ ಬರೆಸಿದರು. ಕೆಲಸಗಾರ ತಾನಾಗಿ ಬಿಚ್ಚಿದ್ದರೆ ಪರಿಹಾರವಿಲ್ಲ ಎನ್ನುವುದು ಕಾನೂನು. ವಕೀಲರು ನೋಟೀಸು ಕಳಿಸಿದ ಮೇಲಂತೂ ಧಣಿ, ಇವನು ತಗಡು ಕದ್ದನೆಂದು ಪೊಲೀಸರಿಗೆ ದೂರು ಕೊಟ್ಟರು. ಬ್ಯಾಂಡೇಜು ಸುತ್ತಿದ ಕೈಯಲ್ಲೇ ನಮ್ಮವರನ್ನು ಲಾಕಪ್ಪಿಗೆ ತಳ್ಳಿದರು. ವಕೀಲರು ಜಾಮೀನು ಕೊಡಿಸಿ ಹೊರಗೆ ಕರೆತಂದಾಗ ಆ ಕೈಯ ವಾಸನೆಗೆ ನಾನೇ ಮುಖ ತಿರುಗಿಸಿದೆ. ಅವರು ತಿರುಗಿಸಲಿಲ್ಲ. "ಮೊದಲು ಆಸ್ಪತ್ರೆ, ಕೋರ್ಟು ಗೀರ್ಟು ಎಲ್ಲ ಆಮೇಲೆ" ಎಂದು ತಾವೇ ಕೈ ಹಿಡಿದು ನಡೆಸಿಕೊಂಡು ಹೋದರು.

ವಿಚಾರಣೆಗೆ ಮುಂಚೆ ಅವರದೊಂದು ಪದ್ಧತಿ. ಮೈಮೇಲಿನ ಕರಿ ಕೋಟು ಕಳಚಿ ಎದುರಿನ ಖಾಲಿ ಕುರ್ಚಿಗೆ ತೊಡಿಸುವುದು. "ಇದೇ ನಿಮ್ಮ ಧಣಿ. ಮುಖ ನೋಡಿ ಹೇಳಿ, ನೋಡೋಣ" ಅನ್ನುವುದು. ಅನ್ನ ಕೊಟ್ಟವನನ್ನು ಕಂಡರೆ ನಾಲಿಗೆ ಬಿದ್ದುಹೋಗುವ ಜನ ನಾವು ಎಂದು ಎಷ್ಟೋ ಕೇಸು ಸೋತು ಅವರಿಗೆ ಗೊತ್ತಾಗಿತ್ತು. ನಮ್ಮವರು ಆ ಕೋಟಿಗೂ ಕೈ ಮುಗಿದರು.

"ಹೇಳ್ರೀ, ಜಾಲರಿ ಬಿಚ್ಚು ಅಂದೋರು ಯಾರು?"

"ಅದು... ಧಣಿಗಳಿಗೆ ಅರ್ಜೆಂಟ್ ಇತ್ತು. ಅವರದ್ದಾದರೂ ಎಂತ ತಪ್ಪು ಸರ್?"

"ಅಯ್ಯೋ, ಅದು ಕೋಟು ಕಣ್ರೀ! ನನ್ನ ಕೋಟಿಗೇ ಹೀಗೆ ನಡುಗಿದ್ರೆ ನಾಳೆ ಏನ್ರೀ ಗತಿ?"

ನಾನು ನಕ್ಕುಬಿಟ್ಟೆ. ಮರುದಿನ ಕಾರ್ಮಿಕರ ಪರಿಹಾರದ ಕೇಸು ನಡೆಸುವ ಕಮಿಷನರ ಮುಂದೆ ಆ ನಗು ಉಡುಗಿತು. ಧಣಿ ಬಂದು ಮುಂದಿನ ಸಾಲಿನಲ್ಲಿ ಕೂತರು. ನಮ್ಮವರು ಚಪ್ಪಲಿ ಕಳಚಿಟ್ಟು ನಿಂತು, "ಧಣಿಗಳು ಹೇಳಿದ ಹಾಗೇ ಸರ್" ಎಂದರು.

ಆಫೀಸಿಗೆ ಮರಳಿದ ವಕೀಲರು ಸಿಟ್ಟಿನಲ್ಲಿ ಫೈಲನ್ನು ಮೇಜಿಗೆ ಬಡಿದರು. ಹೆಂಡತಿಯ ಸಾಕ್ಷಿಗೆ ತೂಕ ಕಡಿಮೆ ಎಂದು ಅದುವರೆಗೆ ನನ್ನನ್ನು ಕರೆದಿರಲಿಲ್ಲ. ಈಗ ರೆಪ್ಪೆ ಎತ್ತಿ ನನ್ನ ಕಡೆ ನೋಡಿದರು.

"ನೀನು ಹೇಳ್ತೀಯೇನಮ್ಮ?"

"ಊರಲ್ಲಿ ಅತ್ತೆ ಅವರ ಜಾಗದಲ್ಲೇ ಇರುವುದು ಸರ್. ಎಬ್ಬಿಸಿದರೆ ಅವರು ಎಲ್ಲಿಗೆ ಹೋಗುವುದು?"

"ಊರಿನ ಮಾತು ಆಮೇಲೆ. ಈಗ ಈ ಕೈ ನೋಡು" ಎಂದು ಕೋಟು ಕಳಚಿದರು.

ಮೊದಲ ದಿನ ಕೋಟಿನ ಮುಂದೆ ಬರೀ ಅಳು. ಮಾರನೆಯ ದಿನ ಮಾತು ಬಂತು, ದನಿ ಬರಲಿಲ್ಲ. ದನಿ ಬರುವವರೆಗೂ ಅವರು ಬಿಡಲಿಲ್ಲ. ಕೊನೆಗೆ ಕಮಿಷನರ ಮುಂದೆ ನಿಂತು, ಕುರ್ಚಿಯಲ್ಲಿ ನಿಜವಾಗಿಯೂ ಕೂತಿದ್ದ ಧಣಿಯನ್ನೇ ನೋಡಿ ಹೇಳಿದೆ: "ಬಿಚ್ಚಿ ಬಿಸಾಡು ಅಂತ ಹೇಳಿದ್ದು ನೀವೇ ಧಣಿ. ನಾನು ಡಬ್ಬಿ ಹಿಡ್ಕೊಂಡು ಬಾಗಿಲಲ್ಲಿದ್ದೆ. ಗಂಡನಿಗೆ ಬೇಗ ಬಡಿಸು, ಕೆಲಸ ಉಂಟು ಅಂತ ನನಗೂ ಹೇಳಿದಿರಿ." ಧಣಿ ತಲೆ ತಗ್ಗಿಸಿದರು. ತೀರ್ಪು ನಮ್ಮ ಕಡೆಗಾಯಿತು, ಪರಿಹಾರ ಸಿಕ್ಕಿತು. ಕಳ್ಳತನದ ಕೇಸೂ ನಿಲ್ಲಲಿಲ್ಲ.

ಮಳೆಗಾಲ ಹಿಡಿಯುವ ಹೊತ್ತಿಗೆ ಊರಲ್ಲಿ ಅತ್ತೆಯನ್ನು ಮನೆಯಿಂದ ಎಬ್ಬಿಸಿದರು. ದೂರದ ಸಂಬಂಧಿಕರೊಬ್ಬರ ಕೊಟ್ಟಿಗೆಯ ಜಗಲಿಯಲ್ಲಿ ಮಲಗುತ್ತಿದ್ದರಂತೆ. ಜ್ವರ ಬಂದು ಅಲ್ಲೇ ತೀರಿಕೊಂಡರು. ಸುದ್ದಿ ನಮಗೆ ಮುಟ್ಟುವಾಗ ಉತ್ತರಕ್ರಿಯೆಯೂ ಮುಗಿದಿತ್ತು. ಎಡಗೈಯಲ್ಲಿ ಉಣ್ಣಲು ಕಲಿಯುತ್ತಿದ್ದ ನಮ್ಮವರು ಆ ದಿನ ತಟ್ಟೆ ಸರಿಸಿ ಎದ್ದರು. ವಿಷಯ ತಿಳಿದು ವಕೀಲರು ಚಾಳಿಗೆ ಬಂದರು. ಹೊಸ್ತಿಲಾಚೆ ಸ್ವಲ್ಪ ಹೊತ್ತು ನಿಂತು, ರೆಪ್ಪೆ ಎತ್ತದೆ, ಒಳಗೂ ಬರದೆ ಹೋದರು. ನಾನೂ ಬನ್ನಿ ಅನ್ನಲಿಲ್ಲ.

ಕೆಲವು ವರ್ಷಗಳ ಮೇಲೆ ಅವರಿಗೆ ಪಾರ್ಶ್ವವಾಯು ಬಡಿಯಿತು. ಸಯನ್ನಿನ ಆಸ್ಪತ್ರೆಗೆ ನೋಡಲು ಹೋದೆ. ಬಲಗೈ ಬಿದ್ದುಹೋಗಿತ್ತು, ಎರಡೂ ಕಣ್ಣು ಮುಚ್ಚಿದ್ದವು. ನನ್ನ ದನಿ ಗುರುತು ಹಿಡಿದು ತೊದಲುತ್ತ ಕೇಳಿದರು:

"ನಿಮ್ಮತ್ತೆ ವಿಷಯ... ನನ್ ಮೇಲೆ ಸಿಟ್ಟಿದೆಯೇನಮ್ಮ?"

ಅಂಥ ಹೊತ್ತಿನಲ್ಲಿ ಇಲ್ಲ ಅಂದುಬಿಡುವುದು ಸುಲಭ. ಅನ್ನಬೇಕೆಂದೇ ಬಾಯಿ ತೆರೆದೆ. ಅಷ್ಟರಲ್ಲಿ ಅವರ ಬಲಭುಜ ಅದುರಿತು. ಬೆರಳನ್ನು ಕಣ್ಣಿಗೆ ಒಯ್ಯಲು ನೋಡುತ್ತಿದ್ದಾರೆ ಎಂದು ತಿಳಿಯಿತು. ಕೈ ಏಳಲಿಲ್ಲ. ನಾನೇ ಬಗ್ಗಿ, ನನ್ನ ತೋರುಬೆರಳಿನಿಂದ ಆ ಎಡಗಣ್ಣಿನ ರೆಪ್ಪೆಯನ್ನು ಎತ್ತಿ ಹಿಡಿದೆ.

"ಉಂಟು ಸರ್. ಆವತ್ತು ನೀವು ನನ್ನ ಮಾತು ಪೂರ್ತಿ ಕೇಳಬೇಕಿತ್ತು. ಸಿಟ್ಟು ಉಂಟು. ಅದನ್ನು ಹೀಗೆ ಮುಖ ನೋಡಿ ಹೇಳಲಿಕ್ಕೆ ಕಲಿಸಿದ್ದೂ ನೀವೇ."

ಆ ಕಣ್ಣು ನನ್ನ ಮೇಲೇ ಇತ್ತು. ನನ್ನ ಕಣ್ಣಿನ ನೀರು ಅವರ ದಿಂಬಿನ ಮೇಲೆ ಬಿತ್ತು.

"ಸರಿಯಾಗಿ ಹೇಳ್ದೆ" ಎಂದರು.

ಬೆರಳು ತೆಗೆದೆ. ರೆಪ್ಪೆ ಇಳಿಯಿತು. ಮರುದಿನ ಬೆಳಿಗ್ಗೆ ಅವರು ಹೋದರು.