ಸೀಟಿಯಕ್ಕನ ಬಿಳಿ ರಿಬ್ಬನ್

ಹೆತ್ತವರು ಇಟ್ಟ ಹೆಸರು ಚರ್ಚಿನ ಜ್ಞಾನಸ್ನಾನದ ಪುಸ್ತಕದಲ್ಲಿತ್ತು, ಅಷ್ಟೆ. ಬೇರೆಲ್ಲ ಕಡೆ ಅವಳು ಸೀಟಿಯಕ್ಕ. ಯುವಜನ ಸಂಘದ ಹುಡುಗ ಹುಡುಗಿಯರನ್ನು ವರ್ಷಕ್ಕೊಮ್ಮೆ ಬೆಟ್ಟದ ಮೇಲಿನ ಮಾತೆಯ ಕ್ಷೇತ್ರಕ್ಕೆ ಮೂರು ದಿನ ನಡೆಸಿಕೊಂಡು ಹೋಗುವವಳು ಅವಳೇ. ಕೊರಳಲ್ಲಿ ಜಪಸರ, ಅದರ ಪಕ್ಕದಲ್ಲೇ ಒಂದು ಉಕ್ಕಿನ ಸೀಟಿ. ಒಂದು ಸಲ ಊದಿದರೆ ನಡೆಯಬೇಕು, ಎರಡು ಸಲ ಊದಿದರೆ ನಿಲ್ಲಬೇಕು, ಮೂರು ಸಲ ಊದಿದರೆ ಯಾರಿಗೋ ಮಂಗಳಾರತಿ ಕಾದಿದೆ ಎಂದೇ ಅರ್ಥ. "ನಮ್ಮಕ್ಕ ಸ್ವರ್ಗಕ್ಕೆ ಹೋದ್ರೆ ದೇವದೂತರನ್ನೂ ಸಾಲಾಗಿ ನಿಲ್ಲಿಸ್ತಾಳೆ" ಎಂದು ಹುಡುಗರು ಬೆನ್ನ ಹಿಂದೆ ಆಡಿಕೊಳ್ಳುತ್ತಿದ್ದರು. ಅದು ಅವಳ ಕಿವಿಗೂ ಬಿದ್ದಿತ್ತು. ಒಳಗೊಳಗೇ ಖುಷಿಯೂ ಆಗಿತ್ತು.

ಹೊಟ್ಟೆಪಾಡಿಗೆ ಅವಳು ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಚೆಕ್ಕರ್. ಹೊಲಿಗೆ ಮಿಷನ್ನುಗಳ ಸಾಲು ಮುಗಿಯುವಲ್ಲಿ, ಟ್ಯೂಬ್‌ಲೈಟಿನ ಕೆಳಗೆ, ಎತ್ತರದ ಮೇಜಿನ ಮುಂದೆ ದಿನಕ್ಕೆ ಒಂಬತ್ತು ಗಂಟೆ ನಿಲ್ಲಬೇಕು. ಬಂದ ಷರ್ಟನ್ನು ಕಾಲರಿನಿಂದ ಶುರುಮಾಡಿ ತೋಳು, ಕಂಕುಳು, ಗುಂಡಿ, ಅಂಚು ಎಂದು ತಿರುವಿ ತಿರುವಿ ನೋಡಬೇಕು. ಹೊಲಿಗೆ ತಪ್ಪಿದ ಕಡೆ ಬಾಣದ ಗುರುತಿನ ಸಣ್ಣ ಕೆಂಪು ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸಬೇಕು. ಇಪ್ಪತ್ತೊಂದು ವರ್ಷ ತಪ್ಪು ಹುಡುಕಿ ಹುಡುಕಿ ಅವಳ ಕಣ್ಣೇ ಹಾಗಾಗಿಬಿಟ್ಟಿತ್ತು. ಬಲಿಪೂಜೆಗೆ ಮಂಡಿಯೂರಿದರೂ ಮುಂದಿನವರ ಬೆನ್ನಿನ ಸೊಟ್ಟ ಹೊಲಿಗೆ ಕಾಣುತ್ತಿತ್ತು. "ನೋಡೋಕೆ ಬಂದ ಇಬ್ಬರು ಗಂಡುಗಳಿಗೂ ಸ್ಟಿಕ್ಕರ್ ಅಂಟಿಸಿ ಕಳಿಸಿದ್ಲು ನನ್ನ ತಂಗಿ" ಎಂದು ಅವಳಕ್ಕ ಎಲ್ಲರ ಮುಂದೆ ಹೇಳಿ ನಗುತ್ತಿದ್ದಳು. ಅವಳನ್ನು ಹಾಗೆ ರೇಗಿಸುವ ಧೈರ್ಯ ಇದ್ದದ್ದು ಅಕ್ಕನೊಬ್ಬಳಿಗೇ.

ಆದರೆ ಅವಳು ಮೊದಲು ತಪ್ಪು ಹುಡುಕಿದ್ದು ಬೇರೆಯವರಲ್ಲಲ್ಲ. ಆ ಸಂಘದಲ್ಲಿ ಮೌನದ ಹರಕೆ ಎಂಬುದೊಂದಿದೆ. ಮನೆಯಲ್ಲಿ ಯಾರಿಗಾದರೂ ಜೀವಕ್ಕೆ ಕಷ್ಟವಾದರೆ, ಅವರಿಗಾಗಿ ಒಬ್ಬರು ಎದೆಯ ಮೇಲೆ ಬಿಳಿ ರಿಬ್ಬನ್ ಚುಚ್ಚಿಕೊಂಡು ಹೊರಟಲ್ಲಿಂದ ಕ್ಷೇತ್ರ ಮುಟ್ಟುವವರೆಗೆ ಒಂದು ಮಾತೂ ಆಡದೆ ನಡೆಯುತ್ತಾರೆ. ರಿಬ್ಬನ್ ಇದ್ದವರನ್ನು ಯಾರೂ ಮಾತಾಡಿಸುವಂತಿಲ್ಲ. ಹತ್ತೊಂಬತ್ತು ವರ್ಷದ ಹುಡುಗಿಯಾಗಿದ್ದಾಗ ಅವಳು ಎದೆರೋಗದ ಅಪ್ಪನಿಗಾಗಿ ಆ ರಿಬ್ಬನ್ ಚುಚ್ಚಿಕೊಂಡಿದ್ದಳು. ಎರಡನೇ ದಿನ ಅಂಗಾಲಿಗೆ ಗಾಜು ನೆಟ್ಟು "ಅಪ್ಪಾ" ಎಂದು ಚೀರಿದಳು. ಅದಾಗಿ ಒಂಬತ್ತನೇ ದಿನ ಅಪ್ಪ ಹೋದ. ಡಾಕ್ಟರು ಅದಕ್ಕೆ ತಿಂಗಳ ಮುಂಚೆಯೇ ಕೈಚೆಲ್ಲಿದ್ದರು. ಯಾರೂ ಅವಳನ್ನು ಒಂದು ಮಾತು ಅನ್ನಲಿಲ್ಲ, ಅವಳೂ ಯಾರನ್ನೂ ಕೇಳಲಿಲ್ಲ. ಅಪ್ಪನನ್ನು ಕೊಂದದ್ದು ನನ್ನ ಬಾಯಿ ಎಂದು ಇಪ್ಪತ್ಮೂರು ವರ್ಷ ತನಗೆ ತಾನೇ ಹೇಳಿಕೊಂಡು ಬಂದಳು.

ಈ ಸಲ ಅಕ್ಕನಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ಏನೂ ತೊಂದರೆಯಿಲ್ಲ, ಹೊಲಿಗೆ ಬಿಚ್ಚಿದ ಮೇಲೆ ಮನೆಗೆ ಕರೆದುಕೊಂಡು ಹೋಗಿ ಎಂದು ಡಾಕ್ಟರು ಹೇಳಿದ್ದರು. ಅಕ್ಕನ ಒಬ್ಬಳೇ ಮಗಳು, ಕಾಲೇಜಿನ ಎರಡನೇ ವರ್ಷದವಳು, ತಾನೂ ನಡೆಯುತ್ತೇನೆ ಎಂದು ಹಟ ಹಿಡಿದಳು. ಬಾಯಿ ಮುಚ್ಚಿದ್ದೇ ಇಲ್ಲ ಎಂದು ಮನೆಯವರೆಲ್ಲ ಅವಳನ್ನು ರೇಡಿಯೋ ಎನ್ನುತ್ತಿದ್ದರು. ಆಸ್ಪತ್ರೆಯ ಮಂಚದಿಂದ ಅಕ್ಕ ತಂಗಿಯ ಕೈ ಹಿಡಿದುಕೊಂಡು ಹೇಳಿದಳು: "ಕರ್ಕೊಂಡು ಹೋಗು. ಆದ್ರೆ ಹರಕೆ ಗಿರಕೆ ಅಂತ ಅವಳ ತಲೆ ಕೆಡಿಸ್ಬೇಡ ಕಣೇ. ಸುಮ್ನೆ ನಡೆದು ಬರ್ಲಿ."

ರಿಬ್ಬನ್ ಕೇಳಿದವಳು ಹುಡುಗಿಯೇ, ಅದು ನಿಜ. ಆದರೆ ತಾತನ ಕತೆಯನ್ನು ಚಿಕ್ಕಮ್ಮನ ಬಾಯಲ್ಲಿ ಕೇಳಿ ಕೇಳಿ ಬೆಳೆದವಳು ಬೇರೆ ಏನು ಕೇಳಿಯಾಳು? ಚರ್ಚಿನ ಮೆಟ್ಟಿಲ ಮೇಲೆ ಸೀಟಿಯಕ್ಕ ತಾನೇ ಪಿನ್ನು ಚುಚ್ಚಿದಳು. "ನೋಡು ಮಗಳೇ, ಒಂದೇ ಒಂದು ಮಾತು ಜಾರಿದ್ರೂ ಹೋಯ್ತು. ನೆನಪಿರ್ಲಿ." ಹುಡುಗಿ ಆಗಲೇ ತುಟಿ ಬಿಗಿಹಿಡಿದು ತಲೆಯಾಡಿಸಿದಳು.

ಇಪ್ಪತ್ತು ಜನ ಹೊರಟರು. ಸಂಘದ ನಿಯಮದಂತೆ ಎಲ್ಲರ ಫೋನುಗಳೂ ಸಾಮಾನಿನ ವ್ಯಾನಿನ ಪೆಟ್ಟಿಗೆ ಸೇರಿದವು. ಸೀಟಿಯಕ್ಕನದೊಂದು ಮಾತ್ರ ಅವಳ ಸೊಂಟದ ಚೀಲದಲ್ಲಿತ್ತು. ಫಾದರ್ ಬಸ್ಸಿನಲ್ಲಿ ಮುಂದೆ ಹೋಗಿ ಮೇಲೆ ಕಾಯುವವರು.

ಮೂರನೇ ದಿನ ಬೆಳಿಗ್ಗೆ ಏಳು ಗಂಟೆ. ತಂಗಿದ್ದ ಶಾಲೆಯ ಜಗಲಿಯಲ್ಲಿ ಚಾಪೆ ಸುತ್ತುತ್ತಿದ್ದಾಗ ಫೋನು ಬಂತು. ಭಾವ. ಎರಡು ಮಾತು ಕೇಳುವಷ್ಟರಲ್ಲಿ ಅವಳು ಚಾಪೆ ಬಿಟ್ಟು ಎದ್ದು ನಿಂತಳು.

"ನಿನ್ನೆ ಸಾಯಂಕಾಲದಿಂದ ಜ್ವರ ಇಳೀತಿಲ್ಲಮ್ಮ. ಒಳಗೆ ಕೀವಾಗಿ ರಕ್ತಕ್ಕೆಲ್ಲ ಹರಡಿದೆಯಂತೆ. ಕರೆಸೋರನ್ನ ಕರೆಸ್ಕೊಳ್ಳಿ ಅಂದ್ರು ಡಾಕ್ಟರು. ಅವಳು ಮಗಳನ್ನ ಕೇಳ್ತಿದಾಳೆ. ಫೋನ್ ಕೊಡು ಅವಳಿಗೆ. ನಾನು ಇಲ್ಲಿ ಕಿವಿ ಹತ್ರ ಹಿಡೀತೀನಿ, ಒಂದು ಮಾತು ಆಡ್ಲಿ."

ಅತ್ತ ನಲ್ಲಿಯ ಹತ್ತಿರ ಹುಡುಗಿ ಮುಖ ತೊಳೆಯುತ್ತಿದ್ದಳು. ಒದ್ದೆಯಾಗಬಾರದೆಂದು ಎಡಗೈಯಲ್ಲಿ ರಿಬ್ಬನ್ನನ್ನು ಮುಚ್ಚಿಕೊಂಡಿದ್ದಳು. ನೀರಿನ ಸದ್ದಿಗೆ ಇತ್ತಲಿನ ಮಾತು ಅವಳಿಗೆ ಕೇಳಿಸುತ್ತಿರಲಿಲ್ಲ. ಹತ್ತು ಹೆಜ್ಜೆಯ ದೂರ.

"ಭಾವ, ಅವಳು ಹರಕೆಯಲ್ಲಿದಾಳೆ" ಎಂದಳು ಸೀಟಿಯಕ್ಕ. "ಇನ್ನು ಆರೇ ಗಂಟೆ. ಈಗ ಬಾಯಿ ಬಿಟ್ರೆ ಅಕ್ಕನ ಗತಿ ಏನು? ಅಪ್ಪಂಗೆ ಏನಾಯ್ತು ನಿಮಗೆ ಗೊತ್ತಲ್ಲ. ಮುಗಿಸಿ ಓಡಿ ಬರ್ತೀವಿ. ಅಕ್ಕಂಗೆ ಹೇಳಿ, ಆರು ಗಂಟೆ ತಡ್ಕೊಳ್ಳೋಕೆ ಹೇಳಿ."

ಭಾವ ಗಟ್ಟಿ ಮನುಷ್ಯನಲ್ಲ. ಮೂರು ದಿನದಿಂದ ನಿದ್ದೆಗೆಟ್ಟಿದ್ದ. "ಏನೋಮ್ಮ, ನಂಗೇನೂ ತೋಚ್ತಿಲ್ಲ" ಎಂದ. ಅವನ ಹಿಂದಿನಿಂದ ಏನೋ ಕ್ಷೀಣ ದನಿ ಕೇಳಿಸಿತು. ಅದು ಅಕ್ಕನದು. ಸೀಟಿಯಕ್ಕ ಫೋನು ಇಟ್ಟುಬಿಟ್ಟಳು.

ವ್ಯಾನಿನ ಡ್ರೈವರ್ ಗಾಜು ಒರೆಸುತ್ತ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಹನ್ನೆರಡು ವರ್ಷದಿಂದ ಇವರ ಸಾಮಾನು ಹೊತ್ತ ವಯಸ್ಸಾದ ಮನುಷ್ಯ.

"ಹುಡುಗೀನ ಹತ್ತಿಸಮ್ಮ. ಈಗ ಹೊರಟ್ರೆ ಹತ್ತು ಗಂಟೆಗೆ ಆಸ್ಪತ್ರೆ ಬಾಗಿಲಲ್ಲಿ ಇಳಿಸ್ತೀನಿ."

"ಬೇಡಣ್ಣ."

"ಹೆತ್ತ ತಾಯಿ ಕಣಮ್ಮ."

"ಅದಕ್ಕೇ ಬೇಡ ಅಂದಿದ್ದು!" ಎಂದು ಅವಳು ಕಿರುಚಿದಳು. ಹುಡುಗರೆಲ್ಲ ತಿರುಗಿ ನೋಡಿದರು. ಅವಳು ಸೀಟಿ ಬಾಯಿಗಿಟ್ಟು ಒಂದು ಸಲ ಊದಿದಳು.

ಆ ದಾರಿಯನ್ನು ಅವಳು ಹೇಗೆ ನಡೆದಳೋ ಆ ಮಾತೆಗೇ ಗೊತ್ತು. ಹುಡುಗರು ಜಪಸರ ಹೇಳುತ್ತ ಬರುತ್ತಿದ್ದರೆ ಅವಳ ಬಾಯಲ್ಲಿ 'ನಮೋ ಮರಿಯ' ಅರ್ಧಕ್ಕೇ ನಿಂತು ಚೌಕಾಸಿಯಾಗುತ್ತಿತ್ತು. ಅಕ್ಕನನ್ನು ಉಳಿಸು, ನನ್ನ ಕಣ್ಣು ತಗೋ. ಕಣ್ಣು ಬೇಡವಾದರೆ ಕಾಲು ತಗೋ. ನಾನು ಯಾರಿಗೂ ಬೇಕಾದವಳಲ್ಲ, ನನ್ನನ್ನೇ ತಗೋ. ವಿಶ್ರಾಂತಿಗೆ ಎರಡು ಸಲ ಊದಬೇಕಾದ ಜಾಗಗಳಲ್ಲೆಲ್ಲ ಊದದೆ ನಡೆಸಿದಳು. ಹುಡುಗಿಯ ಹಿಮ್ಮಡಿ ಒಡೆದು ಚಪ್ಪಲಿಗೆ ರಕ್ತ ಹತ್ತಿತ್ತು. ಆದರೂ ಅವಳು ಕುಂಟುತ್ತ ಚಿಕ್ಕಮ್ಮನ ಸರಿಸಮಕ್ಕೆ ಬಂದು, ನಕ್ಕು, ಮಣಿಕಟ್ಟು ತೋರಿಸಿ ಇನ್ನೆಷ್ಟು ಹೊತ್ತು ಎಂದು ಸನ್ನೆಯಲ್ಲಿ ಕೇಳಿದಳು. ಸೀಟಿಯಕ್ಕ ಮೂರು ಬೆರಳು ತೋರಿಸಿ ಮುಖ ತಿರುಗಿಸಿಕೊಂಡಳು.

ಬೆಟ್ಟದ ಮೆಟ್ಟಿಲು ಶುರುವಾಗಿ ಸ್ವಲ್ಪ ಹೊತ್ತಿಗೆ ಸೊಂಟದ ಚೀಲ ನಡುಗಿತು. ಅವಳು ತೆಗೆಯಲಿಲ್ಲ. ಮತ್ತೆ ನಡುಗಿತು. ಹುಡುಗರನ್ನು ಮುಂದೆ ಬಿಟ್ಟು, ಕಂಬಿ ಹಿಡಿದು ನಿಂತು ಕಿವಿಗಿಟ್ಟುಕೊಂಡಳು.

"ಹೋದ್ಲು" ಎಂದ ಭಾವ. ಆಮೇಲೆ ಬರೀ ಅಳು.

ಮೇಲೆ ಹುಡುಗಿ ಒಂದೊಂದೇ ಮೆಟ್ಟಿಲು ಹತ್ತುತ್ತಿದ್ದಳು. ಸೀಟಿಯಕ್ಕನ ಕೈ ಸೀಟಿಗೆ ಹೋಯಿತು, ಅಲ್ಲೇ ನಿಂತಿತು. ಎರಡು ಸಲ ಊದಿದ್ದರೆ ಎಲ್ಲರೂ ನಿಲ್ಲುತ್ತಿದ್ದರು. ನಿಲ್ಲಿಸಿ ಏನು ಹೇಳುವುದು? ಅವಳು ಹೇಡಿಯಾದಳು. ಕಂಬಿ ಹಿಡಿದುಕೊಂಡು, ಮುದುಕಿಯ ಹಾಗೆ, ಎಲ್ಲರ ಹಿಂದೆ ಹತ್ತಿದಳು.

ಹುಡುಗಿ ಮೇಣದಬತ್ತಿ ಹಚ್ಚಿದಳು. ಮಾತೆಯ ಪೀಠದ ಮುಂದೆ ಬಹಳ ಹೊತ್ತು ಮಂಡಿಯೂರಿದಳು. ರಿಬ್ಬನ್ ಬಿಚ್ಚಿ ಅಲ್ಲಿಟ್ಟು, ಗುಡಿಯ ಹಿಂದಿನ ನಲ್ಲಿಗಳ ಸಾಲಿನ ಹತ್ತಿರ ನಿಂತಿದ್ದ ಚಿಕ್ಕಮ್ಮನನ್ನು ಹುಡುಕಿಕೊಂಡು ಬಂದಳು. ಮೂರು ದಿನ ಬಳಸದ ಗಂಟಲು ಒಡೆದಿತ್ತು.

"ಚಿಕ್ಕಮ್ಮಾ, ಬೈಬೇಡ. ಒಂದು ಹೇಳ್ಬೇಕು."

ಸೀಟಿಯಕ್ಕ ಹರಿಯುತ್ತಿದ್ದ ನಲ್ಲಿಯನ್ನು ತಿರುಗಿಸಿ ನಿಲ್ಲಿಸಿದಳು.

"ನಾನು ಮೊದಲನೇ ದಿನಾನೇ ಕೆಡಿಸ್ಬಿಟ್ಟೆ. ದಾರೀಲಿ ಒಬ್ಬರು ಅಜ್ಜಿ ನೀರು ಕೊಟ್ರಲ್ಲ, ಲೋಟ ತುಂಬಿ ಚೆಲ್ತಿತ್ತು. 'ಸಾಕಜ್ಜಿ' ಅಂದ್ಬಿಟ್ಟೆ. ಬಾಯಿಂದ ಬಂದ್ಬಿಡ್ತು. ನಿಂಗೆ ಹೇಳೋಕೆ ಭಯ ಆಯ್ತು. ಆಮೇಲೆ ಒಂದು ಮಾತೂ ಆಡಿಲ್ಲ, ಆಣೆ." ಅವಳು ಚಿಕ್ಕಮ್ಮನ ತೋಳು ಹಿಡಿದುಕೊಂಡಳು. "ಅಮ್ಮಂಗೆ ಏನೂ ಆಗಲ್ಲ ಅಲ್ವಾ?"

ಬೆಳಿಗ್ಗೆ ಸೀಟಿಯಕ್ಕ ಕಾಪಾಡಿದ ಹರಕೆ ಎರಡು ದಿನದ ಹಿಂದೆಯೇ ಮುರಿದಿತ್ತು. ಅಕ್ಕನ ಕಿವಿಗೆ ಬೇಕಾಗಿದ್ದ ಒಂದು ಮಾತನ್ನು ಅವಳು ತಡೆದದ್ದು ಬರೀ ವ್ಯರ್ಥ. ಅಳು ಬರಲಿಲ್ಲ. ಹುಡುಗಿಯ ಮುಖ ಕಂಡಿತು. ಆ ಕಣ್ಣಿನ ಹೆದರಿಕೆಯನ್ನು ಅವಳು ಚೆನ್ನಾಗಿ ಬಲ್ಲಳು. ಇಪ್ಪತ್ಮೂರು ವರ್ಷ ಕನ್ನಡಿಯಲ್ಲಿ ನೋಡಿದ್ದಳು. ಈಗ ಬರೀ ಸಾವಿನ ಸುದ್ದಿ ಹೇಳಿ ಬೆಳಗಿನ ಫೋನನ್ನು ಮುಚ್ಚಿಟ್ಟರೆ ತನ್ನನ್ನು ಯಾರೂ ಏನೂ ಅನ್ನುವುದಿಲ್ಲ. ಹುಡುಗಿ ತನ್ನನ್ನು ತಾನೇ ಹಳಿದುಕೊಳ್ಳುತ್ತಾಳೆ, ಬದುಕಿರುವ ತನಕ.

"ಅಮ್ಮ ಹೋಗ್ಬಿಟ್ಳು ಮಗಳೇ" ಎಂದಳು. "ನಿನ್ನ ಮಾತಿಂದ ಅಲ್ಲ. ಕೇಳಿಸ್ಕೋ, ನಿನ್ನ ಮಾತಿಂದ ಅಲ್ಲವೇ ಅಲ್ಲ. ಕೀವಾಗಿ ಹೋದ್ಳು. ಬೆಳಿಗ್ಗೆ ಏಳಕ್ಕೆ ನಿಮ್ಮಪ್ಪ ಫೋನ್ ಮಾಡಿದ್ರು. ನಿಂಗೆ ಕೊಡು ಅಂದ್ರು. ನಾನು ಕೊಡ್ಲಿಲ್ಲ. ವ್ಯಾನ್ ಇತ್ತು, ನಾನು ಕಳಿಸ್ಲಿಲ್ಲ. ಅದೆಲ್ಲ ನಂದು."

ಹುಡುಗಿ ತೋಳು ಬಿಟ್ಟಳು.

"ಅಮ್ಮ ನನ್ನ ಕೇಳಿದ್ಳಾ?"

"ಕೇಳಿದ್ಳು."

"ನಾನು ಎಲ್ಲಿದ್ದೆ ಆಗ?"

"ನಲ್ಲಿ ಹತ್ರ. ಮುಖ ತೊಳೀತಿದ್ದೆ."

"ಒಂದು ಮಾತು ತಾನೇ ಚಿಕ್ಕಮ್ಮ" ಎಂದಳು ಹುಡುಗಿ. "ಆಡ್ತಿದ್ದೆ."

ಫಾದರ್ ಉಳಿದವರನ್ನು ನೋಡಿಕೊಂಡರು. ಡ್ರೈವರ್ ವ್ಯಾನ್ ತಿರುಗಿಸಿದ. ಹುಡುಗಿ ಮುಂದಿನ ಸೀಟಿನಲ್ಲಿ ಕೂತಳು, ಸೀಟಿಯಕ್ಕ ಹಿಂದೆ, ಚಾಪೆ ಚೀಲಗಳ ನಡುವೆ. ಮೂರೂವರೆ ಗಂಟೆಯ ದಾರಿ. ಕೊರಳಿನ ಸೀಟಿ ವ್ಯಾನ್ ಕುಲುಕಿದಾಗಲೆಲ್ಲ ಜಪಸರಕ್ಕೆ ತಾಗಿ ಸದ್ದು ಮಾಡುತ್ತಿತ್ತು. ಅವಳು ಅದನ್ನು ಮುಷ್ಟಿಯಲ್ಲಿ ಹಿಡಿದುಕೊಂಡಳು.

ಆಸ್ಪತ್ರೆಯ ಗೇಟಿನ ಮುಂದೆ ಹುಡುಗಿ ಇಳಿದು ಹಿಂದಿನ ಬಾಗಿಲಿಗೆ ಬಂದಳು. ಸೀಟಿಯಕ್ಕ ಇಳಿಯಲು ಒಂದು ಕಾಲು ಕೆಳಗಿಟ್ಟಿದ್ದಳು.

"ನೀನು ಒಳಗೆ ಬರ್ಬೇಡ" ಎಂದಳು ಹುಡುಗಿ.

ಹಿಮ್ಮಡಿ ಮತ್ತೆ ಒಡೆದು, ಅವಳ ಚಪ್ಪಲಿಯ ರಕ್ತದ ಗುರುತು ಗೇಟಿನಿಂದ ಮೆಟ್ಟಿಲವರೆಗೆ ಬಿತ್ತು. ಸೀಟಿಯಕ್ಕ ಕಾಲು ಮೇಲೆತ್ತಿಕೊಂಡು, ಚೀಲಗಳ ನಡುವೆ ತನ್ನ ಜಾಗದಲ್ಲಿ ಮತ್ತೆ ಕೂತಳು.