ಕಂಪ್ಲಿ ಬಸ್ಸಿನಲ್ಲಿ ಅಳುವ ದನಿ

ಹೊಸಪೇಟೆ ನಿಲ್ದಾಣದಿಂದ ಕಂಪ್ಲಿ ಬಸ್ಸು ಹೊರಡುವ ಲಕ್ಷಣವೇ ಇಲ್ಲ. ಓದು ಬಾರದ ಅವ್ವನಿಗೆ ನನ್ನ ಮೆಚ್ಚಿನ ಕಾದಂಬರಿ ಹೇಗಾದರೂ ಮುಟ್ಟಲೆಂದು ಅದರ ಆಡಿಯೊ ಪುಸ್ತಕ ಕೊಂಡು, ಒಂದು ಇಯರ್‌ಫೋನ್ ಅವಳ ಕಿವಿಗಿಟ್ಟು, ಇನ್ನೊಂದನ್ನು ನಾನಿಟ್ಟುಕೊಂಡೆ. ಓದುವವನು ಕಾದಂಬರಿಯ ಗದ್ದೆ ಒಡೆಯನಿಗೆ ಗಟ್ಟಿ ದನಿ ಕೊಟ್ಟಿದ್ದಾನೆ. ಭತ್ತ ನಾಟಿ ಮಾಡುವ ಹೆಂಗಸು ಬಾಯಿ ತೆರೆದರೆ ಬರೀ ಗೋಳು. ಊಟಕ್ಕೆ ಕರೆದರೂ ಅಳು. ಹೀಗೆ ಅಳಿಸಬೇಕೆಂದು ಯಾರು ಹೇಳಿದರು ಇವನಿಗೆ?

ಹರೆಯದಿಂದ ನಾಟಿ ಮಾಡಿದ ಅವ್ವ ಇಯರ್‌ಫೋನ್ ಕಿತ್ತಿಟ್ಟಳು. "ಈಕಿ ಯಾಕ ಇಷ್ಟು ಅಳ್ತಾಳ? ಹಿಂಗ ಅತ್ಕೊಂತ ಸಸಿ ಹಚ್ಚಿದ್ರ ಸಾಲು ಹಿಂದ ಬೀಳ್ತೈತಿ. ಬಾಜೂನಾಕಿ ಬೈತಾಳ."

ಚೀಲದಿಂದ ಪುಸ್ತಕ ತೆಗೆದು ನಾನೇ ಓದತೊಡಗಿದೆ. ಆ ಹೆಂಗಸು ಮಗಳನ್ನು ಶಾಲೆಗೆ ಕಳಿಸುವ ಪುಟಕ್ಕೆ ಬಂದಾಗ ನಾನೂ ಅಳುದನಿಯಲ್ಲೇ ಓದುತ್ತಿದ್ದೆ.

"ನಿಂದೂ ಸುರು ಆತಾ?" ಎಂದಳು ಅವ್ವ. "ನೀರು ಕುಡಿ. ನೆಟ್ಟಗ ಓದು."