ಖಂಡೇನವಮಿಗೆ ಆರಿಸಿದ ಕಂಪ್ಯೂಟರ್

ನಾಲ್ಕು ವರ್ಷದ ಹಿಂದಿನ ಮಾತು. ಚಿಂಚವಾಡದ ಒಂದು ಕಾರ್ಖಾನೆಯಲ್ಲಿ ನಾನು ಹಿರಿಯ ಸಾಫ್ಟ್‌ವೇರ್ ಇಂಜಿನಿಯರ್. ಕಾರಿನ ಸ್ಪೀಡೋಮೀಟರು ನಮ್ಮ ಸರಕು. ಅದರೊಳಗಿನ ಪ್ರೋಗ್ರಾಮು ನಮ್ಮ ವಿಭಾಗದ ಕೆಲಸ.

ದಸರಾ ರಜೆ ಮುಗಿಸಿ ಬಂದ ಬೆಳಿಗ್ಗೆ ಪ್ರೋಗ್ರಾಮನ್ನು ಹೊಸದಾಗಿ ಕಂಪೈಲ್ ಮಾಡಿ, ಅಂದರೆ ಯಂತ್ರದ ಭಾಷೆಗೆ ಇಳಿಸಿ, ಮೀಟರಿಗೆ ತುಂಬಿದೆವು. ಪರೀಕ್ಷೆಗಿಟ್ಟ ಮೀಟರಿನ ಮುಳ್ಳು ೧೨೭ರ ತನಕ ಏರಿ ಒಮ್ಮೆಲೇ ಸೊನ್ನೆಗೆ ಬಿತ್ತು. ಹತ್ತು ಸಲ ನೋಡಿದೆವು, ಹತ್ತು ಸಲವೂ ಬಿತ್ತು. ಮಧ್ಯಾಹ್ನ ಮೂರಕ್ಕೆ ಕಾರು ಕಂಪನಿಯವರು ಒಪ್ಪಿಗೆ ಕೊಡಲು ಬರುವವರಿದ್ದರು.

ಹಬ್ಬದ ಹಿಂದಿನ ದಿನ ಪ್ರೋಗ್ರಾಮನ್ನು ಮುಟ್ಟಿದವಳು ಒಬ್ಬಳೇ, ಚೈತ್ರಾ. ಮಂಡ್ಯದ ಹುಡುಗಿ, ಪ್ರೊಬೇಷನ್ ಮುಗಿಯಲು ಒಂದೇ ವಾರ. ಮ್ಯಾನೇಜರ್ ಪಾಟೀಲರು ವಿಜಯಪುರದ ಕಡೆಯವರು, ಸಿಟ್ಟು ಮೂಗಿನ ತುದಿಯಲ್ಲೇ.

"ತಪ್ಪು ನಂದ ಅಂತ ಬರದು ಕೊಡ್ರಿ. ನಿಮ್ಮ ಕನ್‌ಫರ್ಮೇಶನ್ ಮಾತು ಆಮ್ಯಾಲೆ ನೋಡೂಣು" ಎಂದರು.

"ಸರ್, ನಾನು ಬ್ರೈಟ್‌ನೆಸ್ ಮಾತ್ರ ಚೇಂಜ್ ಮಾಡಿದ್ದು" ಎಂದಳು. ಯಾರೂ ಕಿವಿಗೊಡಲಿಲ್ಲ. ನಾನೂ ಕೊಡಲಿಲ್ಲ, ಹೊಸಬರು ಹೀಗೇ ಹೇಳುತ್ತಾರೆ ಅಂದುಕೊಂಡೆ. ನೆನೆದರೆ ಇಂದಿಗೂ ನಾಚಿಕೆಯಾಗುತ್ತದೆ.

ಅವಳ ಬದಲಾವಣೆ ತೆಗೆದು ಹಳೆಯದನ್ನೇ ಕಂಪೈಲ್ ಮಾಡಿದೆ. ಮುಳ್ಳು ಮತ್ತೆ ಬಿತ್ತು. ಗಂಟೆ ಎರಡಾಗಿತ್ತು. ಹಬ್ಬಕ್ಕೆ ಮುಂಚೆ ಸರಿಯಿದ್ದದ್ದು ಈಗ ಯಾಕಿಲ್ಲ? ಅಷ್ಟರಲ್ಲಿ ಕಂಪೈಲ್ ಮಾಡುವ ಕಂಪ್ಯೂಟರಿಗೆ ಹಚ್ಚಿದ್ದ ಕುಂಕುಮ ಕಣ್ಣಿಗೆ ಬಿತ್ತು.

ಆ ಕಂಪ್ಯೂಟರನ್ನು ನಾವು ಎಂದೂ ಆರಿಸುತ್ತಲೇ ಇರಲಿಲ್ಲ, ಹಗಲು ರಾತ್ರಿ ಓಡುತ್ತಲೇ ಇರುತ್ತಿತ್ತು. ಖಂಡೇನವಮಿಯ ಆಯುಧಪೂಜೆಗೆ ಮಾತ್ರ ಲೇಥು, ಪ್ರೆಸ್ಸುಗಳ ಜೊತೆ ಅದಕ್ಕೂ ಬಿಡುವು, ಪೂಜೆ. ಆರಿಸಿ, ಒರೆಸಿ, ಕುಂಕುಮ ಹಚ್ಚಿದವನು ನಾನೇ. ಮೀಟರು ವೇಗವನ್ನು ಒಂದು ಬೈಟಿನಲ್ಲಿ ಇಡುತ್ತದೆ, ಅದರಲ್ಲಿ ೨೫೫ರ ತನಕ ಎಣಿಸಬಹುದು. ನಮ್ಮ ಕಂಪೈಲರು ಅರ್ಧವನ್ನು ಋಣ ಸಂಖ್ಯೆಗೆ ಮೀಸಲಿಟ್ಟು ೧೨೭ಕ್ಕೇ ನಿಲ್ಲುತ್ತದೆ, ಅದು ದಾಟಿದರೆ ಲೆಕ್ಕ ಸೊನ್ನೆಗಿಂತ ಕೆಳಗೆ ಹೋಗಿ ಮುಳ್ಳು ಬೀಳುತ್ತದೆ. ಪೂರ್ತಿ ಎಣಿಸು ಎನ್ನಲು ಒಂದು ಆಯ್ಕೆ ಇದೆ. ಯುಗಾದಿಯ ಹೊತ್ತಿಗೆ ಅವಸರದಲ್ಲಿ ಅದನ್ನು ಕಂಪೈಲರಿಗೆ ಸೂಚನೆ ಬರೆದಿಡುವ, ಎಲ್ಲರಿಗೂ ಕಾಣುವ ಬಿಲ್ಡ್ ಫೈಲಿನಲ್ಲಿ ಬರೆಯದೆ, ಎನ್ವಿರಾನ್ಮೆಂಟ್ ವೇರಿಯಬಲ್ ಒಂದರಲ್ಲಿ ಇಟ್ಟಿದ್ದೆ. ಅದು ಕಂಪ್ಯೂಟರು ನೆನಪಿಟ್ಟುಕೊಳ್ಳುವ ಒಂದು ಮಾತು. ಕಂಪೈಲರು ತಾನಾಗಿಯೇ ಅದನ್ನು ನೋಡಿಕೊಂಡು ಕೆಲಸ ಶುರು ಮಾಡುತ್ತದೆ. ನಾನು ಇಟ್ಟ ರೀತಿಯಲ್ಲಿ ಅದರ ಆಯಸ್ಸು ಯಂತ್ರ ಆರುವ ತನಕ ಮಾತ್ರ.

ಆ ಕಡೆ ಚೈತ್ರಾ ಕಾಗದ ಬರೆದು ಮುಗಿಸಿದ್ದಳು. ನಾನು ಆಯ್ಕೆಯನ್ನು ಸುಮ್ಮನೆ ಮತ್ತೆ ಟೈಪ್ ಮಾಡಿದ್ದರೆ ಮೀಟರು ಸರಿಯಾಗುತ್ತಿತ್ತು, ನನ್ನ ಹೆಸರು ಎಲ್ಲೂ ಬರುತ್ತಿರಲಿಲ್ಲ. ಅರ್ಧ ನಿಮಿಷ ಆ ಆಸೆಯೂ ಆಯಿತು, ಸುಳ್ಳೇಕೆ ಹೇಳಲಿ.

"ಸಹಿ ಮಾಡಬ್ಯಾಡ ತಂಗಿ" ಎಂದೆ. "ಪಾಟೀಲ್ರ, ತಪ್ಪು ನಂದದ ರೀ."

ಆಯ್ಕೆಯನ್ನು ಚೈತ್ರಾಳ ಕೈಯಿಂದಲೇ ಬಿಲ್ಡ್ ಫೈಲಿಗೆ ಬರೆಸಿದೆ. ಮೂರಕ್ಕೆ ಐದು ನಿಮಿಷವಿರುವಾಗ ಮುಳ್ಳು ೧೨೭ ದಾಟಿತು. ಪಾಟೀಲರು ಅವಳ ಕಾಗದವನ್ನು ನನ್ನ ಮುಂದಿಟ್ಟರು. "ಹೆಸರು ತಿದ್ದಿ ನೀವ ಸಹಿ ಮಾಡ್ರಿ." ಮಾಡಿದೆ.

ಬರೆದಿಡದ ಜಾಣತನ ಒಂದು ದಿನ ಇನ್ನೊಬ್ಬರ ತಪ್ಪಾಗುತ್ತದೆ, ಕೆಲಸ ಕಲಿಸಿದ್ದು ಇಷ್ಟೇ. ಈಗ ಬರೆದಿಡದ್ದು ಇನ್ನೇನಾದರೂ ಉಳಿದಿದೆಯೇ ಎಂದು ನೋಡಲು ಪ್ರತಿ ಸೋಮವಾರ ಆ ಕಂಪ್ಯೂಟರನ್ನು ಆರಿಸಿ ಮತ್ತೆ ಶುರು ಮಾಡುತ್ತೇವೆ. ಗುಂಡಿ ಒತ್ತುವವಳು ಚೈತ್ರಾ. ಎದೆ ಢವಗುಟ್ಟುವುದು ಮಾತ್ರ ನನಗೆ.